ಅಡಿ ಅಂದರೆ ಯಾವ ಅಡಿ

ರಾಗಿ ಕೊಯ್ಲಿನ ಕಾಲ. ಸಾನಮಾವಿನ ಕಾಡಂಚಿನ ಹೊಲಗಳಲ್ಲಿ ಕೂಳೆಯ ಮೇಲೆ ಇಬ್ಬನಿ ದಪ್ಪಗೆ ಕೂತಿದೆ. ಈ ದಿನಗಳಲ್ಲಿ ಆನೆಗಳು ರಾಗಿ ವಾಸನೆ ಹಿಡಿದು ಇಳಿಯುವುದರಿಂದ, ಬೆಳಕು ಹರಿಯುವವರೆಗೆ ಆ ಕಡೆಯವರು ರಸ್ತೆಗೆ ಗಾಡಿ ಇಳಿಸುವುದಿಲ್ಲ. ಬೆಳಕಾದದ್ದೇ ತಡ, ರಾಯಕೋಟೆಯ ಟೊಮೇಟೊ ವ್ಯಾನುಗಳು, ಗುಲಾಬಿ ತುಂಬಿದ ಆಟೋಗಳು, ಕಾರ್ಖಾನೆಯ ಬಸ್ಸುಗಳು ಒಂದರ ಹಿಂದೊಂದು ಹೊಸೂರಿನತ್ತ ಹೊರಡುತ್ತವೆ. ಊರು ಸಿಗುವ ಸ್ವಲ್ಪ ಮೊದಲು ರಸ್ತೆಯ ಎಡಕ್ಕೆ ಗಾಡಿ ತೊಳೆಯುವ, ತಗಡಿನ ಮಾಡಿನ ಒಂದು ವಾಟರ್ ಸರ್ವಿಸ್ ಇದೆ. ಅದರ ಗುಂಡಿಯೊಳಗೆ, ಒಂದು ವ್ಯಾನಿನ ಹೊಟ್ಟೆಯ ಕೆಳಗೆ, ಬಚ್ಚಪ್ಪ ಆಗಲೇ ತೊಯ್ದು ನಿಂತಿದ್ದಾರೆ.

ತಲೆಯ ಮೇಲೆ ಗೊಬ್ಬರದ ಚೀಲ ಮಡಚಿ ಮಾಡಿದ ಕೊಪ್ಪೆ. ಕೈಯಲ್ಲಿ ನೀರಿನ ಗನ್ನು. ಕಣ್ಣು ಮಾತ್ರ ಮುಚ್ಚಿವೆ. ಅಂಟಿದ ಕೆಂಪು ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ಕೊಪ್ಪೆಯ ಮೇಲೆ ಬೀಳುತ್ತದೆ. ಅವರು ಮುಖವನ್ನು ಒಂದಿಷ್ಟು ಬಲಕ್ಕೆ ವಾಲಿಸಿ, ಎಡಗಿವಿಯನ್ನು ಮೇಲೆ ಮಾಡಿ, ಯಾರದೋ ಮಾತಿಗೆ ಕಿವಿಗೊಟ್ಟವರಂತೆ ನಿಂತೇ ಇರುತ್ತಾರೆ. ನೀರು ತಗಡಿಗೆ ಬಡಿಯುವ ಸದ್ದು ಬದಲಾದಾಗ ಅವರ ಕೈಯೂ ಜರುಗುತ್ತದೆ.

"ಕಣ್ ಬಿಟ್ರೆ ಮಣ್ಣು, ಡೀಸಲ್ಲು ಎಲ್ಲಾ ಒಳಿಕ್ ಬತ್ತದೆ," ಎನ್ನುತ್ತಾರೆ ಮೇಲೆ ಹತ್ತಿ ಬಂದು, ಮುಖ ಒರೆಸಿಕೊಳ್ಳುತ್ತ. "ಮುಚ್ಕಂಡೇ ಕೆಲ್ಸ ಮಾಡಿ ಅಭ್ಯಾಸ. ಮಣ್ಣಿದ್ರೆ ಬುಸ್ ಅಂತದೆ, ತಗಡಿದ್ರೆ ಟಣ್ ಅಂತದೆ. ಟಣ್ ಅನ್ನೋಗಂಟ ಬಿಡ್ತೀನಿ, ಅಷ್ಟೆ."

ಇಷ್ಟು ಮಾತಾದ ಮೇಲೆ ಅವರು ಮಾತಾಡಿಸಲು ಬಂದವರನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಯಾರು ಕಳಿಸಿದ್ದು ಎಂದು ಕೇಳುತ್ತಾರೆ. ಪತ್ರಿಕೆಯಿಂದ ಎಂದರೆ ನಂಬುವುದಿಲ್ಲ. ಕಾರು ವ್ಯಾಪಾರಿ ರವಿಕುಮಾರ್ ಕಡೆಯವರಾ ಎಂದು ಇನ್ನೊಮ್ಮೆ ಕೇಳುತ್ತಾರೆ. ಸರ್ವಿಸ್ ಸ್ಟೇಷನ್ನಿನ ಮಾಲೀಕ ದೊಡ್ಡಣ್ಣ ಕುರ್ಚಿಯಿಂದಲೇ ಕೂಗಿ ಹೇಳುತ್ತಾರೆ, "ಪೇಪರ್ನೋರು ಕಣ್ಲಾ, ಮಾತಾಡ್ಲಾ."

"ಪೇಪರ್ನೋರು ಗಾಡಿ ತೊಳೆಯೋನ್ನ ಯಾಕಣ್ಣ ಹುಡ್ಕಂಡ್ ಬತ್ತಾರೆ?" ಎನ್ನುತ್ತಾರೆ ಬಚ್ಚಪ್ಪ. ಉತ್ತರಕ್ಕೆ ಕಾಯದೆ ಮತ್ತೆ ಗುಂಡಿಗಿಳಿಯುತ್ತಾರೆ. ಮತ್ತೆ ಮೇಲೆ ಬರುವುದು ಮೂರು ಗಾಡಿ ತೊಳೆದು ಮುಗಿದ ಮೇಲೆಯೇ.

ಅವರ ಈ ಅನುಮಾನ ಹೊಸದು, ಹೋದ ತಿಂಗಳು ಶುರುವಾದದ್ದು. ಅದಕ್ಕೆ ಮೊದಲು ಬಚ್ಚಪ್ಪ ಯಾರ ಜೊತೆಗಾದರೂ ಮಾತಾಡುತ್ತಿದ್ದರು, ಯಾರೂ ಸಿಗದಿದ್ದರೆ ಗಾಡಿಯ ಜೊತೆಗೂ ಮಾತಾಡುತ್ತಿದ್ದರು ಎಂದು ದೊಡ್ಡಣ್ಣ ನಗುತ್ತಾರೆ.

ಬಚ್ಚಪ್ಪನವರದು ಸಾನಮಾವಿನ ಕಾಡಿಗೆ ಬೆನ್ನು ಕೊಟ್ಟ ಒಂದು ಸಣ್ಣ ಊರು. ಮನೆಗೆ ತಾಗಿದ ತುಂಡು ಹೊಲದಲ್ಲಿ ರಾಗಿ, ಸಾಲಿನ ನಡುವೆ ಅವರೆ. ಆನೆ ಉಳಿಸಿದ್ದು ಮನೆಗೆ. ಮೊದಲು ಅವರು ಬೇರೆಯವರ ಎತ್ತುಗಳನ್ನು ಕೆರೆಯಲ್ಲಿ ತೊಳೆಯುತ್ತಿದ್ದರು. ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರುಗಳು ಬಂದ ಮೇಲೆ ಅದೇ ಕೆರೆಯಲ್ಲಿ ಟ್ರ್ಯಾಕ್ಟರ್ ತೊಳೆದರು. ಕೆರೆಯ ನೀರು ಹಿಂದೆ ಸರಿದ ಮೇಲೆ ಈ ಗುಂಡಿಗೆ ಬಂದರು. ದಿನಕ್ಕೆ ಹತ್ತೋ ಹನ್ನೆರಡೋ ಗಾಡಿ, ಮಳೆ ಹಿಡಿದರೆ ಅದರ ಅರ್ಧ. ಸೋಪು ಮತ್ತು ಡೀಸೆಲ್ಲು ಸೇರಿ ಅಂಗೈ ಬಿರಿದು, ಬೆರಳ ಸಂದುಗಳು ಯಾವಾಗಲೂ ಹಸಿ. ಕಂಪ್ರೆಸರ್ ಪಕ್ಕದಲ್ಲೇ ನಿಂತು ನಿಂತು ಬಲಗಿವಿ ಹೆಚ್ಚುಕಡಿಮೆ ಹೋಗಿದೆ. ಎಡಗಿವಿಯನ್ನು ಮೇಲೆ ಮಾಡಿ ನಿಲ್ಲುವುದು ಅದಕ್ಕೇ. ಚಳಿಗಾಲದಲ್ಲಿ ಆ ಕಿವಿಗೆ ಹತ್ತಿ ಇಟ್ಟುಕೊಳ್ಳಲು ಹೆಂಡತಿ ಗಂಗರತ್ನಮ್ಮ ಹೇಳುತ್ತಾರೆ. ಹತ್ತಿ ಇಟ್ಟರೆ ಕೆಲಸ ಹೇಗೆ ಮಾಡಲಿ ಎಂದು ಇವರು ಬೈಯುತ್ತಾರೆ.

ಗಂಗರತ್ನಮ್ಮ ಕೃಷ್ಣಗಿರಿಯ ಆಚೆಯವರು. ಅವರ ತವರಲ್ಲಿ ತಮಿಳು. ಮದುವೆಯಾಗಿ ಬಂದು ಕನ್ನಡ ಕಲಿತರೂ ಹಾಲು ಉಕ್ಕಿದರೆ, ಬೆರಳು ಸುಟ್ಟರೆ, ಕನಸಲ್ಲಿ ಬೆಚ್ಚಿದರೆ ಬಾಯಿಗೆ ಬರುವುದು ತಮಿಳೇ. ಇದು ಮುಂದೆ ಬೇಕಾಗುವ ಮಾತು.

ಎರಡು ವರ್ಷದ ಹಿಂದೆ ಇದೇ ಕೊಯ್ಲಿನ ಕಾಲದಲ್ಲಿ ರಾಗಿ ಮೆದೆ ಒಟ್ಟುವಾಗ ಗಂಗರತ್ನಮ್ಮನ ಕೈಗೆ ಹಾವು ಕಚ್ಚಿತು. ಸುದ್ದಿ ತಿಳಿದು ಬಚ್ಚಪ್ಪ ಗುಂಡಿಯಿಂದ ಎದ್ದು ಓಡಿ ರಸ್ತೆಗೆ ಬಂದರೆ ಬಸ್ಸಿಲ್ಲ, ಆಟೋ ಇಲ್ಲ. ಆ ಹೊತ್ತಿಗೆ ತೊಳೆದಿಟ್ಟ ಒಂದು ಕಾರನ್ನು ಒಯ್ಯಲು ಬಂದಿದ್ದವರು ರವಿಕುಮಾರ್. ಹೊಸೂರಿನಲ್ಲಿ ಹಳೇ ಕಾರುಗಳನ್ನು ಕೊಂಡು ಮಾರುವ ವ್ಯಾಪಾರಿ. ಮಾರಾಟಕ್ಕೆ ಸಿಂಗರಿಸಿದ ಆ ಕಾರಿನಲ್ಲೇ ಅವರು ಬಚ್ಚಪ್ಪನನ್ನು ಕೂರಿಸಿಕೊಂಡು ಹಳ್ಳಿಗೆ ಹೋಗಿ, ಗಂಗರತ್ನಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊಸೂರಿನ ದೊಡ್ಡಾಸ್ಪತ್ರೆಗೆ ಓಡಿಸಿದರು. ಸೀಟೆಲ್ಲ ವಾಂತಿಯಾಯಿತು. ಗಂಗರತ್ನಮ್ಮ ಉಳಿದರು, ಎರಡು ಬೆರಳು ಮಾತ್ರ ಇಂದಿಗೂ ಮಡಚುವುದಿಲ್ಲ. ರವಿಕುಮಾರ್ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಸೀಟು ತೊಳೆದದ್ದು ಬಚ್ಚಪ್ಪನೇ.

"ಇನ್ನೊಂದ್ ಗಳಿಗೆ ತಡವಾಗಿದ್ರೆ ಇರ್ತಿರ್ಲಿಲ್ಲ ಅಂದ್ರು ಡಾಕ್ಟ್ರು," ಎನ್ನುತ್ತಾರೆ ಬಚ್ಚಪ್ಪ. "ಆವಯ್ಯ ಅವತ್ತು ಗಾಡಿ ತಿರುಗಿಸ್ದೆ ಹೋಗ್ಬುಟ್ಟಿದ್ರೆ ಯಾರೂ ಏನೂ ಅಂತಿರ್ಲಿಲ್ಲ."

ಅಂದಿನಿಂದ ಪ್ರತಿ ವರ್ಷ ಅವರೆಕಾಯಿಗೆ ಸೊಗಡು ಕೂಡಿದ ಕೂಡಲೇ ಗಂಗರತ್ನಮ್ಮ ಒಂದು ಬಟ್ಟೆ ಚೀಲ ತುಂಬಿ ರವಿಕುಮಾರ್ ಮನೆಗೆ ಕಳಿಸುತ್ತಾರೆ. ಚೀಲ ಖಾಲಿಯಾಗಿ ಹಿಂದಕ್ಕೆ ಬಂದದ್ದಿಲ್ಲ. ಈ ಕಡೆ ಯಾರೂ ಖಾಲಿ ಚೀಲ ಹಿಂದಿರುಗಿಸುವುದಿಲ್ಲ, ಹಿಂದಿರುಗಿಸಿದರೆ ಕೊಡುಕೊಳ್ಳುವುದು ಮುಗಿಯಿತು ಎಂದು ಅರ್ಥ. ಒಮ್ಮೆ ಅಚ್ಚು ಬೆಲ್ಲ ಬಂತು, ಒಮ್ಮೆ ತೆಂಗಿನಕಾಯಿ.

ರವಿಕುಮಾರ್ ಕೊಂಡ ಪ್ರತಿ ಕಾರೂ ಮಾರಾಟಕ್ಕೆ ನಿಲ್ಲುವ ಮೊದಲು ತೊಳೆಸಿಕೊಳ್ಳಲು ಬರುತ್ತಿದ್ದದ್ದು ಇದೇ ಗುಂಡಿಗೆ. ದೊಡ್ಡಣ್ಣನ ವ್ಯಾಪಾರದ ದೊಡ್ಡ ಪಾಲು ಅದೇ ಆಗಿತ್ತು.

ಹೋದ ತಿಂಗಳು ಒಂದು ಬೆಳ್ಳಿ ಬಣ್ಣದ ಕಾರು ಬಂತು. ತಂದವಳು ಸರಿತಾ. ಸಾನಮಾವಿನ ಆಚೆ ಮಗ್ಗುಲ ಹಳ್ಳಿಯ ಹೆಣ್ಣುಮಗಳು, ಹೊಸೂರಿನ ಒಂದು ಕಾರ್ಖಾನೆಯಲ್ಲಿ ಜೋಡಣೆ ಸಾಲಿನಲ್ಲಿ ಕೆಲಸ. ಇಷ್ಟು ದಿನ ಅವಳೂ ನೆರೆಮನೆಯ ವನಿತಾಳೂ ಒಂದೇ ಸ್ಕೂಟರಿನಲ್ಲಿ ಕಾಡಿನ ರಸ್ತೆ ದಾಟಿ ಹೋಗುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ ತಿರುವಿನಲ್ಲಿ ಆನೆ ಎದುರಾಗಿ, ಸ್ಕೂಟರ್ ಬಿಟ್ಟು ಇಬ್ಬರೂ ಮೋರಿಯ ಕೆಳಗೆ ತೂರಿಕೊಂಡಿದ್ದರು. ವನಿತಾ ಆಮೇಲೆ ಕೆಲಸವನ್ನೇ ಬಿಡುತ್ತೇನೆ ಎಂದಳು. ಸುತ್ತಲೂ ಕಬ್ಬಿಣದ ಗೋಡೆ ಇರುವಂಥದ್ದು ಒಂದು ಬೇಕು ಎಂದು ಸರಿತಾ ರವಿಕುಮಾರ್ ಹತ್ತಿರ ಈ ಕಾರು ಕೊಂಡದ್ದು ಅದಕ್ಕೆ. ಕಾರಿನಲ್ಲಿ ಅವಳು ಕೇಳಿದ್ದು ಗೋಡೆಯ ಗಟ್ಟಿತನ ಒಂದನ್ನೇ.

ಗುಂಡಿಯ ಮೇಲೆ ಕಾರು ನಿಲ್ಲಿಸಿ ಅವಳು ಬಚ್ಚಪ್ಪನಿಗೆ ಒಂದು ಎಚ್ಚರಿಕೆ ಹೇಳಿದಳು. ಎಡಗಡೆ ಅಡಿಭಾಗಕ್ಕೆ ಹೊಸದಾಗಿ ಕೋಟಿಂಗ್ ಮಾಡಿದ್ದಾರಂತೆ, ಅಲ್ಲಿ ಜೋರಾಗಿ ನೀರು ಬಿಡಬೇಡಿ, ಕಿತ್ತುಬಂದೀತು ಎಂದು. ಯಾರು ಹೇಳಿದ್ದು ಎಂದರೆ ಮಾರಿದವರೇ ಎಂದಳು. ರವಿಕುಮಾರ್ ಅವಳಿಗೆ ಹೇಳಿದ್ದ ಮಾತು ಇದು: "ಎಡಗಡೆ ಸ್ವಲ್ಪ ಅಡಿ ಕೆಲ್ಸ ಆಗೈತೆ ಮೇಡಂ, ನೀಟಾಗಿ ಮುಗ್ಸಿದೀವಿ." ಇದ್ದದ್ದನ್ನು ಇದ್ದಂತೆ ಹೇಳುವ ಮನುಷ್ಯ ಎಂದು ಅವಳಿಗೆ ನಂಬಿಕೆ ಬಂದದ್ದೇ ಆ ಮಾತಿನಿಂದ.

ಬಚ್ಚಪ್ಪನಿಗೆ ಮೊದಲ ಅನುಮಾನ ಬಂದದ್ದು ಬೇರೆ ಕಡೆಯಿಂದ. ರವಿಕುಮಾರ್ ಮಾರಿದ ಕಾರು ಎಂದ ಮೇಲೆ ಅದು ಮೊದಲೇ ಇಲ್ಲಿಗೆ ಬಂದಿರಬೇಕು. ಈ ಕಾರನ್ನು ಅವರು ಯಾವತ್ತೂ ತೊಳೆದಿಲ್ಲ. ಎಲ್ಲ ಗಾಡಿಗಳೂ ಬರುವಾಗ ಇದೊಂದು ಮಾತ್ರ ಯಾಕೆ ಬೇರೆ ಕಡೆ ಹೋಯಿತು?

ಗುಂಡಿಗಿಳಿದು ನೋಡಿದರೆ ಕಾರಿನ ಅಡಿಯಲ್ಲಿ ಹೊಸ ಕೆಲಸದ ಗುರುತೇ ಇಲ್ಲ. ಕಂಪನಿಯಿಂದ ಬಂದಾಗ ಬಳಿದ ಹಳೇ ಕಪ್ಪು, ಅದರ ಮೇಲೆ ವರ್ಷಗಳ ಧೂಳು. ಇದ್ದ ದೋಷವನ್ನು ಮುಚ್ಚಿ ಹೇಳುವ ವ್ಯಾಪಾರಿಗಳನ್ನು ಅವರು ಕಂಡಿದ್ದಾರೆ. ಆಗದ ಕೆಲಸವನ್ನು ಆಗಿದೆ ಎಂದು ಯಾರಾದರೂ ಯಾಕೆ ಹೇಳುತ್ತಾರೆ? ಕಣ್ಣು ಮುಚ್ಚಿ ನೀರು ಬಿಟ್ಟರು. ಬಲಗಡೆ ಬಾಗಿಲುಗಳ ಕೆಳಗಿನ ಪಟ್ಟಿ ಟಣ್ ಎಂದಿತು. ಎಡಗಡೆಯದು ಒದ್ದೆ ಗೋಣಿಗೆ ನೀರು ಬಿಟ್ಟಂತೆ ದಬದಬ ಎಂದಿತು. ಕೆಟ್ಟ ಕಿವಿಯ ಕೆಲಸವೋ ಏನೋ ಎಂದುಕೊಂಡು ಅವರು ಮಗ್ಗುಲು ಬದಲಿಸಿ ಮತ್ತೆ ಕೇಳಿದರು. ಅದೇ ದಬದಬ.

ಅವರು ಏನೂ ಹೇಳಲಿಲ್ಲ. ಹೇಳುವುದಕ್ಕೆ ಗಟ್ಟಿಯಾಗಿ ಏನೂ ಇರಲಿಲ್ಲ ಎಂಬುದು ಒಂದು, ರವಿಕುಮಾರ್ ಕಾರು ಎಂಬುದು ಇನ್ನೊಂದು. ಒರೆಸಿ ಕೊಟ್ಟರು. ಆದರೆ ಕಾಲಡಿಯ ರಬ್ಬರ್ ಮ್ಯಾಟುಗಳಲ್ಲಿ ಒಂದನ್ನು ಮಾತ್ರ ಒಣಗಲಿ ಎಂಬಂತೆ ಗೋಡೆಗೆ ಒರಗಿಸಿ ಬಿಟ್ಟರು. ಮ್ಯಾಟಿಗಾಗಿ ಆಕೆ ಮತ್ತೆ ಬರಲೇಬೇಕು. ಅಷ್ಟರಲ್ಲಿ ಯೋಚಿಸಿದರಾಯಿತು.

ಅಂದು ಸಂಜೆ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ಗಂಡ ಮುದ್ದೆ ಮುರಿಯದೆ ಕೂತದ್ದು ನೋಡಿ ಗಂಗರತ್ನಮ್ಮ ಏನಾಯಿತು ಎಂದು ಕೇಳಿದರು. ಏನಿಲ್ಲ, ಒಂದು ಕಾರು, ಎಡಗಡೆ ಅಡಿ ಆಗಿದೆ ಅಂತಾರೆ, ನನಗೇನೂ ಕಾಣಲಿಲ್ಲ ಎಂದು ಬಚ್ಚಪ್ಪ ಗೊಣಗಿದರು.

ಗಂಗರತ್ನಮ್ಮನ ಕೈ ಸೌಟಿನಲ್ಲೇ ನಿಂತಿತು. "ಅಯ್ಯೋ, ಯಾರ್ಗೆ ಬಿತ್ತು ಅಡಿ? ಒಳಗಿದ್ದೋರು ಉಳಿದ್ರಾ?"

ತಮಿಳಿನಲ್ಲಿ ಅಡಿ ಎಂದರೆ ಏಟು.

ಹೊಸೂರಿನಲ್ಲಿ ಹುಟ್ಟಿ ಬೆಳೆದ ಯಾರಿಗೂ ಇದು ಗೊತ್ತಿಲ್ಲದ ಪದವಲ್ಲ. ಬಚ್ಚಪ್ಪನಿಗೂ ಗೊತ್ತು, ಸರಿತಾಳಿಗೂ ಗೊತ್ತು. ರವಿಕುಮಾರ್ ತಮಿಳಿನಲ್ಲಿ ಮಾತಾಡಿದ್ದರೆ ಅವಳು ಆ ಕ್ಷಣವೇ ಹಿಂದೆ ಸರಿಯುತ್ತಿದ್ದಳು. ಅವರು ಕನ್ನಡದಲ್ಲಿ ಮಾತಾಡಿದರು. ಕನ್ನಡದ ಸಾಲಿನೊಳಗೆ ಬಂದ ಅಡಿಯನ್ನು ಅವಳು ಕನ್ನಡದ ಅಡಿಯೆಂದೇ, ಕಾರಿನ ತಳವೆಂದೇ ಕೇಳಿಸಿಕೊಂಡಳು. ಕನ್ನಡ, ತಮಿಳು, ತೆಲುಗು ಮೂರೂ ಬೆರೆಸಿ ಆಡುವ ಊರಿನಲ್ಲಿ ಒಂದು ಪದ ಯಾವ ಮನೆಯಿಂದ ಬಂತು ಎಂದು ಯಾರು ನಿಂತು ಕೇಳುತ್ತಾರೆ?

ಆ ಮಾತನ್ನು ಬೇಕೆಂದೇ ಹಾಗೆ ಇಟ್ಟರೋ, ಬಾಯಿಗೆ ಬಂದದ್ದು ಬಂತೋ? ಬಚ್ಚಪ್ಪ ಇದನ್ನು ಹೆಂಡತಿಯ ಮುಂದೆ ಇಟ್ಟರು. ಗಂಗರತ್ನಮ್ಮ, ಆ ಹುಡುಗಿ ಕಾಡಿನ ರಸ್ತೆಯಲ್ಲಿ ಹೋಗುವವಳಾ ಎಂದು ಮಾತ್ರ ಕೇಳಿದರು. ಹೌದು ಎಂದಾಗ ಎದ್ದು ಪಾತ್ರೆ ತೊಳೆಯಲು ಹೋದರು. ಹೇಳು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಸರಿತಾ ಮಾರನೇ ದಿನ ಪಾಳಿ ಮುಗಿಸಿ ಬಂದಳು, ಮ್ಯಾಟು ಕದ್ದಿದ್ದೀರಿ ಎಂಬ ಮುಖ ಹೊತ್ತು. ಬಚ್ಚಪ್ಪ ಮ್ಯಾಟು ಕೊಟ್ಟು, ಬೆರಳ ಗೆಣ್ಣಿನಿಂದ ಬಲಗಡೆ ಪಟ್ಟಿಯನ್ನು ತಟ್ಟಲು ಹೇಳಿದರು. ತಟ್ಟಿದಳು. ಎಡಗಡೆ ತಟ್ಟಲು ಹೇಳಿದರು. ತಟ್ಟಿ, ಮತ್ತೆ ಬಲಕ್ಕೆ ಬಂದು ತಟ್ಟಿ, ಮತ್ತೆ ಎಡಕ್ಕೆ ಹೋದಳು. ಜಜ್ಜಿದ್ದು ಕಾಣದಂತೆ ಒಳಗೆ ಪುಟ್ಟಿ ತುಂಬಿದ್ದಾರೆ ಅನ್ನಿಸುತ್ತದೆ, ಲಿಫ್ಟ್ ಇರುವ ಕಡೆ ಎತ್ತಿಸಿ ನೋಡವ್ವ ಎಂದರು ಬಚ್ಚಪ್ಪ.

ಅವಳು ಕಣ್ಣು ಕಿರಿದು ಮಾಡಿದಳು. "ಯಾವ ಗ್ಯಾರೇಜ್ಗೆ ಹೋಗ್ಬೇಕು? ಅದ್ನೂ ನೀವೇ ಹೇಳ್ತೀರಾ? ನಿಮ್ಗೆ ಆ ಗ್ಯಾರೇಜ್ನೋರು ಎಷ್ಟ್ ಕೊಡ್ತಾರೆ?"

"ನಿಂಗಿಷ್ಟ ಬಂದ ಕಡೆ ಹೋಗವ್ವ. ನಂಗೆ ಹೇಳ್ಲೂ ಬೇಡ," ಎಂದರಂತೆ ಬಚ್ಚಪ್ಪ. ಅವಳು ಹಾಗೆ ಕೇಳಿದ್ದು ಸರಿಯೇ ಎನ್ನುತ್ತಾರೆ ಈಗ. "ನಾನೂ ಹಂಗೇ ಕೇಳ್ತಿದ್ದೆ."

ಅವಳು ಹೊಸೂರಿನವರನ್ನು ನಂಬದೆ ಕೃಷ್ಣಗಿರಿಯವರೆಗೆ ಹೋಗಿ ಎತ್ತಿಸಿದಳು. ಬಣ್ಣ ಕೆರೆದಾಗ ಬೆರಳ ದಪ್ಪ ಪುಟ್ಟಿ ಉದುರಿತು. ಅದರ ಹಿಂದೆ, ಎರಡು ಬಾಗಿಲ ನಡುವಿನ ಕಂಬವನ್ನು ಕತ್ತರಿಸಿ ಬೇರೆ ಯಾವುದೋ ಕಾರಿನ ಕಂಬ ತಂದು ಬೆಸೆದಿದ್ದರು. ಬೆಸುಗೆ ಅಲ್ಲಲ್ಲಿ ಹಿಡಿದೇ ಇರಲಿಲ್ಲ. ಆನೆಯೇನು, ಹಸು ಒರಗಿದರೂ ಈ ಮಗ್ಗುಲು ಒಳಕ್ಕೆ ಬರುತ್ತದೆ ಎಂದನಂತೆ ಅಲ್ಲಿನ ಮೆಕ್ಯಾನಿಕ್.

ರವಿಕುಮಾರ್ ಎದುರು ಅವಳು ನಿಂತಾಗ ಅವರು ದನಿ ಏರಿಸಲಿಲ್ಲ. ಅಡಿ ಕೆಲಸ ಆಗಿದೆ ಎಂದು ಮೊದಲೇ ಹೇಳಿದ್ದೆನಲ್ಲ ಮೇಡಂ ಎಂದರು. ಅಲ್ಲಿ ಕೂತಿದ್ದ ಇಬ್ಬರು ಗಿರಾಕಿಗಳೂ ಹೌದು, ಅಡಿ ಅಂದರೆ ಅಡಿ ತಾನೇ ಎಂದು ತಲೆ ಆಡಿಸಿದರಂತೆ, ಯಾವ ಅಡಿ ಎಂದು ಯಾರೂ ಕೇಳಲಿಲ್ಲ. ಸರಿತಾ ಉದುರಿದ ಪುಟ್ಟಿಯ ಚಕ್ಕೆಯೊಂದನ್ನು ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. "ಇದು ನಿಮ್ ಅಡಿನಾ, ನಮ್ ಅಡಿನಾ ಸಾರ್?"

ಗಿರಾಕಿಗಳು ಆ ತುಂಡನ್ನು ಕೈಯಿಂದ ಕೈಗೆ ಕೊಟ್ಟು ನೋಡತೊಡಗಿದ ಮೇಲೆ ರವಿಕುಮಾರ್ ಕಾರನ್ನು ಹಿಂದಕ್ಕೆ ತೆಗೆದುಕೊಂಡರು. ಅದರ ಬದಲು ಇನ್ನೊಂದು ಕಾರು ಕೊಟ್ಟರು, ಚಿಕ್ಕದು, ಹಳೆಯದು, ಬಣ್ಣ ಮಾಸಿದ್ದು. ಅದನ್ನು ತೆಗೆದುಕೊಳ್ಳುವ ಮೊದಲು ಸರಿತಾ ಸುತ್ತಲೂ ಗೆಣ್ಣಿನಿಂದ ತಟ್ಟುತ್ತ ಬಂದಳು. ಯಾರಿಂದ ಕಲಿತಿರಿ ಎಂದು ರವಿಕುಮಾರ್ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಎರಡು ದಿನ ಬಿಟ್ಟು ರವಿಕುಮಾರ್ ಗುಂಡಿಯ ಬಳಿ ಬಂದರು. ಕಾರಿನಿಂದ ಇಳಿದು, ಬಚ್ಚಪ್ಪ ಮೇಲೆ ಬರುವವರೆಗೆ ಕಾದರು. ಈಗ ಹೆಂಡತಿಯ ಮಾತು ಎತ್ತುತ್ತಾರೆ, ವಾಂತಿಯಾದ ಸೀಟಿನ ಮಾತು ಎತ್ತುತ್ತಾರೆ ಎಂದು ಬಚ್ಚಪ್ಪ ತಲೆ ತಗ್ಗಿಸಿ ನಿಂತರು. ಎತ್ತಿದ್ದರೆ ಹಗುರವಾಗುತ್ತಿತ್ತು ಎನ್ನುತ್ತಾರೆ.

ರವಿಕುಮಾರ್ ಅದನ್ನು ಎತ್ತಲಿಲ್ಲ. "ನಿಂಗೆ ಯಾರ್ ಹೇಳಿಕೊಟ್ರು ಬಚ್ಚಪ್ಪ? ಆ ಎದುರುಗಡೆ ವ್ಯಾಪಾರದೋರಾ?" ಎಂದಷ್ಟೇ ಕೇಳಿದರು.

ಯಾರೂ ಇಲ್ಲ ಎಂದರು ಬಚ್ಚಪ್ಪ. ಆಮೇಲೆ ಅವರೂ ಒಂದು ಕೇಳಿದರು. "ಸಾರ್, ಆ ಗಾಡಿನ ಯಾಕ್ ನನ್ನತ್ರ ತೊಳೆಯಕ್ ಕಳಿಸ್ಲಿಲ್ಲ?"

ರವಿಕುಮಾರ್ ಸ್ವಲ್ಪ ಹೊತ್ತು ಗುಂಡಿಯ ನೀರು ನೋಡಿ, ಕಾರು ಹತ್ತಿ ಹೋದರು. ಅಂದಿನಿಂದ ಅವರ ಒಂದು ಗಾಡಿಯೂ ಇತ್ತ ಬಂದಿಲ್ಲ. ದೊಡ್ಡಣ್ಣ ಬಚ್ಚಪ್ಪನನ್ನು ಬಿಡಿಸಿಲ್ಲ, ಆದರೆ ಸಂಬಳದ ದಿನ ಮುಖ ನೋಡಿ ಮಾತಾಡುವುದಿಲ್ಲ. ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಾರೆ. ನಿನ್ನ ಕಿವಿ ನನ್ನ ಹೊಟ್ಟೆ ಹೊಡೀತು ಕಣ್ಲಾ ಎಂದು ಒಮ್ಮೊಮ್ಮೆ ನಗುತ್ತಲೇ ಹೇಳುತ್ತಾರೆ. ಆ ನಗುವಿನಲ್ಲಿ ನಗು ಎಷ್ಟು ಎಂದು ಬಚ್ಚಪ್ಪನಿಗೂ ಗೊತ್ತಿಲ್ಲ.

ಬೆಳ್ಳಿ ಬಣ್ಣದ ಕಾರು ಈಗ ಎಲ್ಲಿದೆ ಎಂಬುದು ಅವರನ್ನು ಕಾಡುವ ಇನ್ನೊಂದು ಮಾತು. ಮುರಿದು ಗುಜರಿಗೆ ಹಾಕಿದೆವು ಎಂದು ರವಿಕುಮಾರ್ ಕಡೆಯ ಡ್ರೈವರ್ ಒಬ್ಬ ಹೇಳಿದ್ದಾನೆ. ಬಚ್ಚಪ್ಪ ನಂಬಿಲ್ಲ. ಬೆಳ್ಳಿ ಬಣ್ಣದ ಕಾರು ಯಾವುದು ಗುಂಡಿಯ ಮೇಲೆ ನಿಂತರೂ ಅವರು ಮೊದಲು ನೀರು ಬಿಡುವುದು ಎಡಗಡೆಗೆ. "ಧರ್ಮಪುರಿ ಕಡೆ ಮಾರಿದ್ರೆ ಪರ್ವಾಗಿಲ್ಲ," ಎನ್ನುತ್ತಾರೆ. "ಅಲ್ಲೆಲ್ಲಾ ತಮಿಳು, ಅಡಿ ಅಂದ್ರೆ ಏಟೇ. ಬೆಂಗ್ಳೂರ್ ಕಡೆ ಹೋಗಿದ್ರೇನೇ ಕಷ್ಟ."

ಸರಿತಾ ವಾರಕ್ಕೊಮ್ಮೆ ಬರುತ್ತಾಳೆ, ಚಿಕ್ಕ ಕಾರಿನಲ್ಲಿ, ವನಿತಾಳನ್ನು ಕೂರಿಸಿಕೊಂಡು. ಮ್ಯಾಟುಗಳನ್ನು ಎಣಿಸಿಕೊಂಡೇ ಹೋಗುತ್ತಾಳೆ. ಅದು ಈಗ ಅವರಿಬ್ಬರ ನಡುವಿನ ತಮಾಷೆ. ಆದರೂ ಎಣಿಸುವುದನ್ನು ಅವಳು ಬಿಟ್ಟಿಲ್ಲ.

ಬಿಸಿಲು ಏರಿದೆ. ಮಾಡಿನ ತಗಡಿನಿಂದ ಇಬ್ಬನಿ ತೊಟ್ಟಿಕ್ಕುವುದು ನಿಂತಿದೆ. ಬಚ್ಚಪ್ಪ ಕೊಪ್ಪೆ ತೆಗೆದು ಕಂಬಕ್ಕೆ ನೇತು ಹಾಕಿ, ಎಡಗಿವಿಗೆ ಹೋದ ನೀರನ್ನು ಪಂಚೆಯ ತುದಿಯಿಂದ ಒತ್ತಿ ತೆಗೆಯುತ್ತಾರೆ. ಮಾಡಿದ್ದು ಸರಿಯೇ ಎಂದು ಕೇಳಿದರೆ, ಮಾಡಿದ್ದು ಕೆಲಸ ಅಷ್ಟೆ, ಟಣ್ ಅಂದರೆ ಟಣ್, ಇಲ್ಲದಿದ್ದರೆ ಇಲ್ಲ ಎನ್ನುತ್ತಾರೆ. ಮುಂದೇನು ಬೇಕು ಎಂದು ಕೇಳಿದರೆ ಅವರೆಯ ಚೀಲದ ಮಾತು ತೆಗೆಯುತ್ತಾರೆ.

ಈ ವರ್ಷವೂ ಸೊಗಡಿನ ಅವರೆ ಬಂದಿದೆ. ಗಂಗರತ್ನಮ್ಮ ಯಾರನ್ನೂ ಕೇಳದೆ, ಮಡಚಲಾಗದ ಎರಡು ಬೆರಳುಗಳ ಆ ಕೈಯಲ್ಲೇ ಕಾಯಿ ಬಿಡಿಸಿ ಚೀಲ ತುಂಬಿ, ಹೂವಿನ ಆಟೋದವನ ಕೈಲಿ ರವಿಕುಮಾರ್ ಮನೆಗೆ ಕಳಿಸಿದ್ದಾರೆ. ಬಾಗಿಲಲ್ಲಿ ತೆಗೆದುಕೊಂಡರು ಎಂದು ಆಟೋದವನು ಹೇಳಿದ. ಯಾರು ತೆಗೆದುಕೊಂಡರು, ಏನು ಅಂದರು ಎಂದು ಅವನಿಗೆ ನೆನಪಿಲ್ಲ. ಅದಾಗಿ ಹಲವು ದಿನ ಕಳೆದಿವೆ.

"ಚೀಲ ಇನ್ನೂ ಬಂದಿಲ್ಲ," ಎನ್ನುತ್ತಾರೆ ಬಚ್ಚಪ್ಪ, ರಸ್ತೆಯ ಕಡೆ ನೋಡುತ್ತ. "ಬೆಲ್ಲ ಬೇಡ, ತೆಂಗಿನ್ಕಾಯಿ ಬೇಡ. ಖಾಲಿ ಚೀಲನೇ ಬರ್ಲಿ. ಖಾಲಿ ಬಂದ್ರೆ ಖಾಲಿ ಅಂತಾನಾದ್ರೂ ಗೊತ್ತಾಗ್ತದೆ."

ಒಂದು ವ್ಯಾನು ಗುಂಡಿಯ ಮೇಲೆ ಬಂದು ನಿಲ್ಲುತ್ತದೆ. ಅವರು ಕೊಪ್ಪೆ ಹಾಕಿಕೊಂಡು ಕೆಳಗಿಳಿದು ಕಣ್ಣು ಮುಚ್ಚುತ್ತಾರೆ.